ನಾಲ್ಕು ಪುಟದಲ್ಲಿ ಒಂದು ಭಯ: 'ಮಿಸ್ಟಿ' ಧಾಟಿಯ ಹಾರರ್ ಕಾಮಿಕ್ ನೀವೇ ಮಾಡುವುದು ಹೇಗೆ

1978ರ ಫೆಬ್ರವರಿ 4ರಂದು ಬ್ರಿಟನ್ನಿನ ಪೇಪರ್ ಅಂಗಡಿಗಳಿಗೆ 'ಮಿಸ್ಟಿ' ಎಂಬ ಹೊಸ ವಾರಪತ್ರಿಕೆ ಬಂತು. ಅದು ಹುಡುಗಿಯರಿಗಾಗಿಯೇ ಮಾಡಿದ ಹಾರರ್ ಕಾಮಿಕ್. 1980ರ ಜನವರಿಯಲ್ಲಿ ನಿಂತೂ ಹೋಯಿತು. ಎರಡು ವರ್ಷ ತುಂಬಲಿಲ್ಲ, ಬಂದದ್ದು 101 ಸಂಚಿಕೆ ಅಷ್ಟೇ. ಆದರೆ ಅದನ್ನು ಓದಿ ಬೆಳೆದವರು ಇವತ್ತಿಗೂ ಅದನ್ನು ಮರೆತಿಲ್ಲ. ಸ್ವಂತ ದುಡ್ಡು ಹಾಕಿಯೋ, ಓದುಗರಿಂದ ಮುಂಗಡ ಸೇರಿಸಿಯೋ ಹಾರರ್ ಕಾಮಿಕ್ ತರುವ ಅಲ್ಲಿನ ಅನೇಕರು ಮಿಸ್ಟಿಯ ಋಣವನ್ನು ಬಾಯಿಬಿಟ್ಟು ಹೇಳುತ್ತಾರೆ.

ಅಂಥ ಒಂದು ಪುಟ್ಟ ಕಾಮಿಕ್ ಮಾಡುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ನಾಲ್ಕು ಪುಟದ ಒಂದು ಕತೆ, ಎಂಟು ಪುಟದ ಪುಸ್ತಕ, ಕಪ್ಪು ಬಿಳುಪು. ಚಿತ್ರ ಬರೆಯಲು ಬಂದರೆ ಒಬ್ಬರೇ ಮಾಡಬಹುದು. ಬರದಿದ್ದರೆ ಚಿತ್ರ ಬರೆಯುವ ಗೆಳತಿಯೋ ಗೆಳೆಯನೋ ಜೊತೆಗಿರಲಿ. ದೊಡ್ಡ ಬಂಡವಾಳ ಬೇಡ. ಆದರೆ ಕತೆಯ ಬಗ್ಗೆ ತುಂಬಾ ಯೋಚನೆ ಬೇಕು.

ಮೊದಲು ಓದಿ

ಮೂಲವನ್ನು ನೋಡದೆ ಅದರ ಧಾಟಿ ಹಿಡಿಯಲು ಹೋದರೆ ಸಿಗುವುದು ಮಂಜು, ಚಂದ್ರ, ಕಪ್ಪು ಬೆಕ್ಕು ಇಷ್ಟೇ. ಅದೆಲ್ಲ ಮೇಲಿನ ಅಲಂಕಾರ.

ಮಿಸ್ಟಿ, ಟ್ಯಾಮಿ, ಜಿಂಟಿ, ಈ ಮೂರೂ ಲಂಡನ್ನಿನ ಐಪಿಸಿ ಕಂಪನಿಯ ಹುಡುಗಿಯರ ಕಾಮಿಕ್ ಪತ್ರಿಕೆಗಳು. ಟ್ಯಾಮಿ 1971ರಲ್ಲಿ ಶುರುವಾಯಿತು, ಜಿಂಟಿ 1974ರಲ್ಲಿ. ಅತ್ತ ಸ್ಕಾಟ್ಲೆಂಡಿನ ಡಂಡೀ ಊರಿನ ಡಿ.ಸಿ. ಥಾಮ್ಸನ್ ಕಂಪನಿ 1958ರಿಂದಲೇ 'ಬಂಟಿ' ತರುತ್ತಿತ್ತು. ಮಿಸ್ಟಿಗಿಂತ ಮೊದಲೇ, 1976ರಲ್ಲಿ, 'ಸ್ಪೆಲ್‌ಬೌಂಡ್' ಎಂಬ ನಿಗೂಢ ಕತೆಗಳ ವಾರಪತ್ರಿಕೆಯನ್ನೂ ತಂದಿತ್ತು. ಆಗ ಪತ್ರಿಕೆಯ ಮಾರಾಟ ಇಳಿದರೆ ಅದನ್ನು ಚೆನ್ನಾಗಿ ಓಡುವ ಇನ್ನೊಂದರೊಳಗೆ ಸೇರಿಸಿಬಿಡುತ್ತಿದ್ದರು. ಮಿಸ್ಟಿಯನ್ನು ಟ್ಯಾಮಿಗೆ ಸೇರಿಸಿದರು. ವಾರ್ಷಿಕ ಪುಸ್ತಕಗಳು ಮಾತ್ರ ಇನ್ನೂ ಕೆಲವು ವರ್ಷ ಬಂದವು.

2016ರಲ್ಲಿ ಆಕ್ಸ್‌ಫರ್ಡ್‌ನ ರೆಬೆಲಿಯನ್ ಸಂಸ್ಥೆ ಈ ಹಳೆಯ ಕಾಮಿಕ್‌ಗಳ ಹಕ್ಕು ಕೊಂಡಿತು. ಅದೇ ವರ್ಷ ಮಿಸ್ಟಿಯ ಎರಡು ಧಾರಾವಾಹಿಗಳನ್ನು ಒಂದು ಪುಸ್ತಕವಾಗಿ ತಂದಿತು: 'ಮೂನ್‌ಚೈಲ್ಡ್' ಮತ್ತು 'ದ ಫೋರ್ ಫೇಸಸ್ ಆಫ್ ಈವ್'. ಶುರು ಮಾಡಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಆಳವಾಗಿ ತಿಳಿಯುವ ಆಸೆ ಇದ್ದರೆ ಜೂಲಿಯಾ ರೌಂಡ್ ಅವರು 2019ರಲ್ಲಿ ಮಿಸ್ಟಿಯ ಮೇಲೆಯೇ ಬರೆದ 'ಗಾಥಿಕ್ ಫಾರ್ ಗರ್ಲ್ಸ್' ಇದೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಹಳೆಯ ಪುಸ್ತಕದಂಗಡಿಗೆ ಹೋದಾಗ ವಾರ್ಷಿಕ ಸಂಚಿಕೆಗಳಿಗೂ ಒಮ್ಮೆ ಕಣ್ಣಾಡಿಸಿ.

ಓದುವಾಗ ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಪ್ರತಿ ಕತೆಗೂ ಮೂರು ವಿಷಯ ಬರೆದುಕೊಳ್ಳಿ. ದೆವ್ವ ಬರುವ ಮೊದಲೇ ಆ ಹುಡುಗಿಗೆ ಇದ್ದ ಚಿಂತೆ ಏನು? ಅವಳ ಮಾತನ್ನು ಯಾರು ನಂಬಲಿಲ್ಲ? ಪುಟದ ಕೊನೆಯ ಚೌಕದಲ್ಲಿ ಏನಿದೆ?

ಭಯ ಎಲ್ಲಿಂದ ಬರುತ್ತದೆ ಅಂತ ಗುರುತಿಸಿ

ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದೇ. ಇದಕ್ಕೇ ಹೆಚ್ಚು ಹೊತ್ತು ಕೊಡಿ.

ಮೂನ್‌ಚೈಲ್ಡ್ ಕತೆಯನ್ನೇ ನೋಡಿ. ಬರೆದವರು ಪ್ಯಾಟ್ ಮಿಲ್ಸ್, ಚಿತ್ರ ಜಾನ್ ಆರ್ಮ್‌ಸ್ಟ್ರಾಂಗ್. 1974ರಲ್ಲಿ ಬಂದ ಸ್ಟೀಫನ್ ಕಿಂಗ್ ಕಾದಂಬರಿ 'ಕ್ಯಾರಿ' ಇದಕ್ಕೆ ಪ್ರೇರಣೆ. ರೋಸ್‌ಮೇರಿ ಎಂಬ ಹುಡುಗಿಗೆ ಮುಟ್ಟದೆಯೇ ವಸ್ತುಗಳನ್ನು ಅಲುಗಾಡಿಸುವ ಶಕ್ತಿ ಇದೆ. ಹಣೆಯ ಮೇಲೆ ಅರ್ಧಚಂದ್ರದ ಗುರುತು ಇದೆ. ಆದರೆ ಓದುವವರ ಎದೆ ಹೊಡೆದುಕೊಳ್ಳುವುದು ಆ ಶಕ್ತಿಗಾಗಿ ಅಲ್ಲ. ಮನೆಯಲ್ಲಿ ತಾಯಿ ಅವಳನ್ನು ಪ್ರೀತಿಸುವುದಿಲ್ಲ. ಶಾಲೆಯಲ್ಲಿ ಹುಡುಗಿಯರು ಗೋಳು ಹುಯ್ದುಕೊಳ್ಳುತ್ತಾರೆ. ಹೋಗಲು ಅವಳಿಗೆ ಮೂರನೆಯ ಜಾಗವೇ ಇಲ್ಲ.

ಮಾಲ್ಕಮ್ ಶಾ ಬರೆದು ಮಾರಿಯೋ ಕಪಾಲ್ಡಿ ಚಿತ್ರಿಸಿದ 'ದ ಸೆಂಟಿನೆಲ್ಸ್' ಇನ್ನೂ ದೊಡ್ಡ ಕತೆ. ಪಾಳುಬಿದ್ದ ಒಂದು ಎತ್ತರದ ಫ್ಲಾಟ್ ಕಟ್ಟಡ. ಅದರೊಳಗಿಂದ ಇನ್ನೊಂದು ಬ್ರಿಟನ್ನಿಗೆ ದಾರಿ. ಆ ಬ್ರಿಟನ್ನಿನಲ್ಲಿ ಯುದ್ಧ ಗೆದ್ದವರು ನಾಜಿಗಳು. ಆದರೆ ಹುಡುಗಿಯ ಮನೆಯವರು ಆ ಕಟ್ಟಡಕ್ಕೆ ಹೋಗುವುದೇಕೆ? ಇರಲು ಮನೆ ಇಲ್ಲ, ಅದಕ್ಕೆ. ಎಪ್ಪತ್ತರ ದಶಕದ ಬ್ರಿಟನ್ನಿನಲ್ಲಿ ಮನೆ ಸಿಗದೆ ಪರದಾಡುವುದು ಓದುಗರಿಗೆ ಗೊತ್ತಿದ್ದ ಕಷ್ಟ. ಅದರ ಮೇಲೆ ಕೂತಿರುವುದರಿಂದಲೇ ಈ ವಿಚಿತ್ರ ಕತೆ ನಂಬುವಂತಿದೆ.

ಮಿಸ್ಟಿಯನ್ನು ರೂಪಿಸುವುದರಲ್ಲಿ ದೊಡ್ಡ ಕೈ ಇದ್ದ ಪ್ಯಾಟ್ ಮಿಲ್ಸ್, ಹುಡುಗಿಯರ ಕಾಮಿಕ್ ಕತೆಗಳಿಗೆ ಕೆಲವು ಮೂಲ ಅಚ್ಚುಗಳಿದ್ದವು ಎಂದು ಹೇಳುತ್ತಾ ಬಂದಿದ್ದಾರೆ. ಮನೆಯವರೇ ಹಿಂಸಿಸುವ ಸಿಂಡರೆಲ್ಲಾ ಕತೆ. ಹುಡುಗಿಯರನ್ನು ಕೂಡಿಹಾಕಿ ದುಡಿಸುವ ಗುಲಾಮಗಿರಿಯ ಕತೆ. ಗೆಳತಿ ಸಿಗುವ ಅಥವಾ ಕೈಬಿಡುವ ಕತೆ. ಬಿಡಿಸಬೇಕಾದ ಗುಟ್ಟಿನ ಕತೆ. ನಿಮ್ಮ ಮೊದಲ ಕತೆಗೆ ಇವುಗಳಲ್ಲಿ ಒಂದನ್ನು ಹಿಡಿಯಿರಿ. ನಾಲ್ಕು ಪುಟಕ್ಕೆ ಗೆಳತಿಯ ಕತೆ ಚೆನ್ನಾಗಿ ಒಗ್ಗುತ್ತದೆ ಅಂತ ನನ್ನ ಅಭಿಪ್ರಾಯ. ಗುಲಾಮಗಿರಿಯ ಕತೆಗೆ ಜಾಸ್ತಿ ಪಾತ್ರ ಬೇಕು, ಜಾಸ್ತಿ ಜಾಗ ಬೇಕು.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ನಿಮ್ಮ ನಿದ್ದೆ ಕೆಡಿಸಿದ್ದ ಚಿಂತೆಗಳನ್ನು ಬರೆಯಿರಿ. ದೆವ್ವ ಭೂತ ಬರೆಯಬೇಡಿ. 'ನನ್ನ ಜಾಗದಲ್ಲಿ ಅವಳನ್ನು ಕೂರಿಸಿಕೊಂಡರು.' 'ಅಪ್ಪ ಅಮ್ಮ ಜಗಳ ಆಡಿದ್ದು ನನ್ನಿಂದಲೇ ಇರಬೇಕು.' 'ನಾನು ಕದ್ದದ್ದು ಗೊತ್ತಾಗಿಬಿಟ್ಟರೆ?' ಇಂಥ ಸಾಲುಗಳು ಬರಲಿ. ಅವುಗಳಲ್ಲಿ ಈಗಲೂ ಓದಿದಾಗ ಹೊಟ್ಟೆಯಲ್ಲಿ ಏನೋ ಆಗುವ ಸಾಲನ್ನು ಆರಿಸಿ. ಆ ಚಿಂತೆ ನಿಜವಾಗಿಬಿಟ್ಟರೆ ಏನಾಗುತ್ತದೆ? ಅದೇ ನಿಮ್ಮ ಕತೆ.

ಒಂದು ವಸ್ತು, ಒಂದು ನಿಯಮ

ನಾಲ್ಕು ಪುಟದಲ್ಲಿ ಮುಗಿಯುವ ಕತೆಗಳು ಮಿಸ್ಟಿಯ ಪ್ರತಿ ಸಂಚಿಕೆಯಲ್ಲೂ ಧಾರಾವಾಹಿಗಳ ಪಕ್ಕದಲ್ಲಿ ಇರುತ್ತಿದ್ದವು. ಅವುಗಳ ಕಟ್ಟು ಬಹಳ ಬಿಗಿ. ಒಬ್ಬ ಹುಡುಗಿ ಏನೋ ಒಂದು ತಪ್ಪು ಮಾಡುತ್ತಾಳೆ, ಅಥವಾ ಏನೋ ಒಂದಕ್ಕೆ ಆಸೆ ಪಡುತ್ತಾಳೆ. ಕನ್ನಡಿ, ಗೊಂಬೆ, ಸರ ಇಂಥ ಯಾವುದೋ ದಿನಬಳಕೆಯ ವಸ್ತು ಅವಳ ಕೈಗೆ ಬರುತ್ತದೆ. ಆ ವಸ್ತುವಿಗೆ ಒಂದು ನಿಯಮ ಇರುತ್ತದೆ. ಕೊನೆಗೆ ಆ ನಿಯಮ ಅವಳ ಮೇಲೆಯೇ ತಿರುಗುತ್ತದೆ.

ನಿಯಮ ಒಂದೇ ಇರಲಿ, ಒಂದೇ ವಾಕ್ಯದಲ್ಲಿ ಹೇಳುವಂತಿರಲಿ. ಎರಡನೆಯ ವಾಕ್ಯ ಬೇಕಾದರೆ ಆ ಕತೆ ನಾಲ್ಕು ಪುಟಕ್ಕೆ ಹಿಡಿಯುವುದಿಲ್ಲ.

ಉದಾಹರಣೆಗೆ ಒಂದು ಕತೆ ಕಟ್ಟೋಣ. ಧಾರವಾಡದ ಒಂದು ಲೇಡೀಸ್ ಹಾಸ್ಟೆಲ್. ಪಿಯುಸಿ ಓದುವ ವೀಣಾ. ಕೇಳದೆಯೇ ರೂಮ್‌ಮೇಟುಗಳ ಸಾಮಾನು ಬಳಸುವುದು ಅವಳ ಚಾಳಿ. ಕ್ಲಿಪ್ಪು, ಪೌಡರು, ಚಪ್ಪಲಿ, ಹೀಗೆ. ಅವಳ ಒಳಗಿನ ಚಿಂತೆ ಬೇರೆ: ಭಾನುವಾರ ಎಲ್ಲರ ಮನೆಯವರೂ ಬರುತ್ತಾರೆ, ತನ್ನ ಅಮ್ಮ ಮಾತ್ರ ಯಾವತ್ತೋ ಒಮ್ಮೆ. ಅಮ್ಮ ನನ್ನನ್ನು ಮರೆತಳಾ? ರೂಮಿಗೆ ಹೊಸ ಹುಡುಗಿ ಬರುತ್ತಾಳೆ. ಒಂದು ಹಳೆಯ ಟ್ರಂಕು, ಅದರಲ್ಲಿ ಒಂದು ಮರದ ಬಾಚಣಿಗೆ. ನಿಯಮ ಇದು: ಈ ಬಾಚಣಿಗೆಯನ್ನು ಕದ್ದು ಬಳಸಿದವರ ಹೆಸರು, ಬಾಚಣಿಗೆಯ ಒಡತಿಗೆ ಸೇರುತ್ತದೆ.

ಗಮನಿಸಿ, ಹೊಸ ಹುಡುಗಿ ಬಾಚಣಿಗೆಯನ್ನು ಯಾರಿಗೂ ಕೊಡುವುದಿಲ್ಲ. ಸುಮ್ನೆ ಮಂಚದ ಮೇಲೆ ಬಿಟ್ಟು ಹೋಗುತ್ತಾಳೆ. ಕದಿಯುವುದು ವೀಣಾಳದೇ ಆಯ್ಕೆ. ಈ ಬಗೆಯ ಕತೆಗಳಲ್ಲಿ ಇದು ತುಂಬಾ ಮುಖ್ಯ. ಬಾಗಿಲನ್ನು ಹುಡುಗಿಯೇ ತೆರೆಯಬೇಕು. ಆದರೆ ಶಿಕ್ಷೆ ಮಾತ್ರ ತಪ್ಪಿಗಿಂತ ಎಷ್ಟೋ ಪಾಲು ದೊಡ್ಡದಾಗಿರಬೇಕು. ಆ ಅನ್ಯಾಯವೇ ಓದಿದವರನ್ನು ಬಹಳ ದಿನ ಕಾಡುತ್ತದೆ.

ಪುಟ ತಿರುಗುವ ಜಾಗ ನೋಡಿ ಕತೆ ಹಂಚಿ

ಎಂಟು ಪುಟದ ಪುಸ್ತಕ ಅಂದರೆ ಎರಡು ಎ4 ಹಾಳೆ. ಎರಡೂ ಬದಿ ಮುದ್ರಿಸಿ, ಮಧ್ಯಕ್ಕೆ ಮಡಚಿ, ಬೆನ್ನಿಗೆ ಪಿನ್ ಹೊಡೆದರೆ ಎ5 ಅಳತೆಯ ಪುಸ್ತಕ. ಮೊದಲ ಪುಟ ಮುಖಪುಟ. ಎರಡನೆಯದರಲ್ಲಿ ಓದುಗರಿಗೆ ಸ್ವಾಗತ. ಮೂರರಿಂದ ಆರರವರೆಗೆ ಕತೆ. ಏಳು ಓದುಗರ ಪುಟ. ಎಂಟು ಹಿಂಬದಿ.

ಈ ಹಂಚಿಕೆಯಲ್ಲಿ ಒಂದು ಅನುಕೂಲ ಇದೆ. ಮೂರನೆಯ ಪುಟ ಬಲಗಡೆ ಬರುತ್ತದೆ. ಹಾಳೆ ತಿರುಗಿಸಿದರೆ ನಾಲ್ಕು ಮತ್ತು ಐದು ಎದುರುಬದುರು. ಮತ್ತೆ ತಿರುಗಿಸಿದರೆ ಆರು. ಅಂದರೆ ಕತೆಯ ಕೊನೆಯ ಪುಟ ಓದುಗರ ಕಣ್ಣಿಗೆ ಮೊದಲೇ ಬೀಳುವುದಿಲ್ಲ, ಹಾಳೆಯ ಹಿಂದೆ ಅಡಗಿರುತ್ತದೆ. ಹಾರರ್ ಕತೆಗೆ ಇದು ವರ. ನಿಮ್ಮ ದೊಡ್ಡ ಏಟನ್ನು ಆರನೆಯ ಪುಟದ ಮೊದಲ ಚೌಕದಲ್ಲೇ ಇಡಿ. ಐದನೆಯ ಪುಟದ ಕೊನೆಯ ಚೌಕ ಓದುಗರ ಕೈಯಿಂದ ಹಾಳೆ ತಿರುಗಿಸುವಂತಿರಲಿ.

ನಮ್ಮ ಕತೆಯನ್ನು ಹೀಗೆ ಹಂಚಬಹುದು. ಇಲ್ಲಿ ಮೊದಲ ಪುಟ ಅಂದರೆ ಕತೆಯ ಮೊದಲ ಪುಟ, ಪುಸ್ತಕದಲ್ಲಿ ಅದು ಮೂರನೆಯದು.

ಮೊದಲ ಪುಟ: ಹೊಸ ಹುಡುಗಿ ಟ್ರಂಕು ಎಳೆದುಕೊಂಡು ಒಳಗೆ ಬರುತ್ತಾಳೆ. ವೀಣಾ ಅವಳ ಹೆಸರು ಕೇಳುತ್ತಾಳೆ. ಅವಳು ಹೇಳುವುದಿಲ್ಲ, ನಗುತ್ತಾಳೆ. ವಾರ್ಡನ್ ಮೇಡಂ ರಿಜಿಸ್ಟರ್ ತೆರೆದಾಗ ಅವಳ ಸಾಲಿನಲ್ಲಿ ಮಸಿ ಕಲೆಸಿಕೊಂಡಿದೆ. ಮಂಚದ ಮೇಲೆ ಬಾಚಣಿಗೆ. ಕೊನೆಯ ಚೌಕದಲ್ಲಿ ವೀಣಾಳ ಕೈ ಅದರ ಹತ್ತಿರ.

ಎರಡನೆಯ ಪುಟ: ತಲೆ ಬಾಚಿದಷ್ಟೂ ಕೂದಲು ದಟ್ಟ, ಉದ್ದ. ಎಲ್ಲರೂ ಹೊಗಳುತ್ತಾರೆ. ವೀಣಾಳಿಗೆ ಖುಷಿ. ಆದರೆ ಮೆಸ್ಸಿನಲ್ಲಿ ಅಡುಗೆಯವರು ಅವಳನ್ನು ನೋಡಿ, 'ನೀ ಯಾರ್ ಪೈಕಿ ಬೇ?' ಅನ್ನುತ್ತಾರೆ.

ಮೂರನೆಯ ಪುಟ: ಹಾಜರಿ ಕೂಗುವಾಗ 'ವೀಣಾ' ಅಂದರೆ ಹೊಸ ಹುಡುಗಿ 'ಎಸ್ ಮೇಡಂ' ಅನ್ನುತ್ತಾಳೆ. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ವೀಣಾ ತನ್ನ ಪುಸ್ತಕ ತೆರೆದು ನೋಡಿದರೆ ಹೆಸರಿನ ಜಾಗದಲ್ಲಿ ಮಸಿಯ ಕಲೆ. ನಾಳೆ ಭಾನುವಾರ, ಅಮ್ಮ ಬರುತ್ತಾಳೆ, ಅಮ್ಮನಿಗೆ ನಾನು ಗೊತ್ತು. ಕೊನೆಯ ಚೌಕದಲ್ಲಿ ಗೇಟು ತೆರೆಯುತ್ತದೆ, ಅಮ್ಮ ಕೈ ಚಾಚಿದ್ದಾಳೆ.

ನಾಲ್ಕನೆಯ ಪುಟ, ಹಾಳೆ ತಿರುಗಿಸಿದ ಮೇಲೆ: ಅರ್ಧ ಪುಟದ ದೊಡ್ಡ ಚಿತ್ರ. ಅಮ್ಮ ತಬ್ಬಿಕೊಂಡಿರುವುದು ಹೊಸ ಹುಡುಗಿಯನ್ನು. 'ಎಷ್ಟ್ ಸೊರಗೀಯಲ್ಲವ್ವಾ, ವೀಣಾ!' ಅಮ್ಮನ ಹೆಗಲ ಮೇಲಿಂದ ಆ ಹುಡುಗಿ ನಮ್ಮತ್ತ ನೋಡುತ್ತಿದ್ದಾಳೆ. ಅವಳ ಮುಖದಲ್ಲಿ ಕೆಡುಕಿನ ನಗು ಬೇಡ. ಕಣ್ಣಲ್ಲಿ ನೀರಿರಲಿ. ಅವಳೂ ಹಿಂದೊಮ್ಮೆ ಹೆಸರು ಕಳೆದುಕೊಂಡವಳು, ಅಲ್ವಾ? ಎಷ್ಟೋ ವರ್ಷದ ಮೇಲೆ ಅವಳನ್ನು ಯಾರೋ ಹೆಸರು ಹಿಡಿದು ಕರೆದಿದ್ದಾರೆ. ಕೆಳಗೆ ಎರಡು ಸಣ್ಣ ಚೌಕ. ಬೇರೊಂದು ಊರಿನ ಹಾಸ್ಟೆಲ್, ಟ್ರಂಕು ಎಳೆದುಕೊಂಡು ಬರುವ ನಮ್ಮ ಹುಡುಗಿ. ಮಂಚದ ಮೇಲೆ ಬಾಚಣಿಗೆ ಇಟ್ಟು, ಅವಳು ಬೆನ್ನು ತಿರುಗಿಸುತ್ತಾಳೆ.

ನಿಯಮವನ್ನು ಎಲ್ಲೂ ಮಾತಿನಲ್ಲಿ ವಿವರಿಸಿಲ್ಲ, ನೋಡಿ. ಮಸಿಯ ಕಲೆ ಎರಡು ಸಲ ಬಂತು, ಟ್ರಂಕು ಎರಡು ಸಲ ಬಂತು. ಅಷ್ಟು ಸಾಕು.

ಸಣ್ಣ ಗೀಚು, ಆಮೇಲೆ ದೊಡ್ಡ ಹಾಳೆ

ಚಿತ್ರಕ್ಕೆ ಇಳಿಯುವ ಮೊದಲು ಪ್ರತಿ ಪುಟವನ್ನೂ ಬೆಂಕಿಪೊಟ್ಟಣದ ಅಳತೆಯಲ್ಲಿ ಗೀಚಿ ನೋಡಿ. ಮುಖ, ಬಟ್ಟೆ ಯಾವುದೂ ಬೇಡ. ಎಲ್ಲಿ ಕಪ್ಪು, ಎಲ್ಲಿ ಬಿಳಿ, ಮಾತಿನ ಗುಳ್ಳೆ ಎಲ್ಲಿ, ಅಷ್ಟೇ. ಎದುರುಬದುರಿನ ಎರಡು ಪುಟಗಳನ್ನು ಒಟ್ಟಿಗೇ ಗೀಚಿ.

ಮಿಸ್ಟಿಯ ಪುಟಗಳಲ್ಲಿ ಚೌಕಗಳು ಸಾಲಾಗಿ ನಿಲ್ಲುವುದಿಲ್ಲ. ಓರೆಯಾಗುತ್ತವೆ, ಅಂಚು ಒಡೆಯುತ್ತವೆ, ಹುಡುಗಿಯ ಕೂದಲು ಒಂದು ಚೌಕದಿಂದ ಇನ್ನೊಂದಕ್ಕೆ ಹರಿಯುತ್ತದೆ. ಹಿಂದಿನ ಹುಡುಗಿಯರ ಕಾಮಿಕ್‌ಗಳಿಗಿಂತ ದೊಡ್ಡ ಚಿತ್ರ, ಕಡಿಮೆ ಚೌಕ. ಇದನ್ನು ಕಂಡು ಎಲ್ಲ ಪುಟವನ್ನೂ ಓರೆಕೋರೆ ಮಾಡಿಬಿಡಬೇಡಿ. ಕತೆಯ ಮೊದಲ ಪುಟ ನೇರವಾಗಿರಲಿ, ಹಾಸ್ಟೆಲ್ ದಿನಚರಿ ಹೇಗೋ ಹಾಗೆ. ಎರಡನೆಯದರಲ್ಲಿ ಒಂದೇ ಒಂದು ಗೆರೆ ಓರೆಯಾಗಲಿ. ಮೂರನೆಯದರಲ್ಲಿ ಚೌಕಗಳು ಬಿರಿಯಲಿ. ವೀಣಾಳ ಲೋಕ ಸಡಿಲವಾಗುವುದು ಓದುಗರಿಗೆ ಗೊತ್ತಾಗದ ಹಾಗೆ ಗೊತ್ತಾಗುತ್ತದೆ.

ಎ5 ಪುಸ್ತಕಕ್ಕೆ ಚಿತ್ರವನ್ನು ಎ4 ಹಾಳೆಯಲ್ಲಿ ಬರೆಯಿರಿ. ಕಿರಿದು ಮಾಡಿದಾಗ ಗೆರೆ ಹರಿತವಾಗುತ್ತದೆ. ಆದರೆ ತೀರ ತೆಳುವಾದ ಗೆರೆ ಮುದ್ರಣದಲ್ಲಿ ಮಾಯವಾಗುತ್ತದೆ. ಹಾಗಾಗಿ ಬರೆಯುವಾಗಲೇ ಗೆರೆ ಸ್ವಲ್ಪ ದಪ್ಪ ಇರಲಿ.

ಆ ಕಾಲದ ಪತ್ರಿಕೆಗಳು ಅಗ್ಗದ ಕಾಗದದ ಮೇಲೆ ಬರುತ್ತಿದ್ದವು. ನವಿರಾದ ಬೂದು ಬಣ್ಣ ಅದರಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಕಲಾವಿದರು ಎಲ್ಲವನ್ನೂ ಕಪ್ಪು ಬಿಳುಪಿನಲ್ಲೇ ಸಾಧಿಸಿದರು. ಅವರಲ್ಲಿ ಸ್ಪೇನಿನವರು ಬಹಳ ಮಂದಿ. ಕತ್ತಲನ್ನು ತುಂಬುಗಪ್ಪಾಗಿ ಬಿಡುತ್ತಿದ್ದರು. ಮಂಜಿಗೆ ಚುಕ್ಕಿ. ಗೋಡೆಯ ತೇವಕ್ಕೆ ಒಣಗಿದ ಕುಂಚದ ಉಜ್ಜು. ಝೆರಾಕ್ಸ್ ಯಂತ್ರಕ್ಕೂ ಇದೇ ಹೊಂದುತ್ತದೆ. ಪೆನ್ಸಿಲ್ ಶೇಡಿಂಗ್ ಮಾಡಬೇಡಿ, ಕೊಳಕಾಗಿ ಬರುತ್ತದೆ.

ಒಂದು ಪುಟದಲ್ಲಿ ಒಂದಾದರೂ ಚೌಕದಲ್ಲಿ ಮುಕ್ಕಾಲು ಭಾಗ ಕಪ್ಪಿರಲಿ. ಮತ್ತೆ ಒಂದಾದರೂ ಚೌಕದಲ್ಲಿ ಹಿನ್ನೆಲೆಯೇ ಇರದಿರಲಿ, ಬರೀ ಮುಖ. ಈ ಏರಿಳಿತ ಇಲ್ಲದಿದ್ದರೆ ಪುಟ ಸಪ್ಪೆ.

ಕೂದಲನ್ನು ಅಭ್ಯಾಸ ಮಾಡಿ. ನಮ್ಮ ಕತೆಗೆ ಅದೇ ಜೀವ. ಪೂರ್ತಿ ಕಪ್ಪು ತುಂಬಿ, ಬೆಳಕು ಬೀಳುವ ಕಡೆ ಬಿಳಿ ಜೆಲ್ ಪೆನ್ನಿನಿಂದ ಎಳೆ ತೆಗೆಯಿರಿ.

ಕತೆ ಹೇಳುವವಳು

ಮಿಸ್ಟಿ ಎಂಬುದು ಪತ್ರಿಕೆಯ ಹೆಸರೂ ಹೌದು, ಕತೆಗಳನ್ನು ಪರಿಚಯಿಸುವ ಹೆಣ್ಣಿನ ಹೆಸರೂ ಹೌದು. ಉದ್ದ ಕೂದಲಿನ ಈ ಚೆಲುವೆಯನ್ನು ಚಿತ್ರಿಸುತ್ತಿದ್ದವರು ಶರ್ಲಿ ಬೆಲ್‌ವುಡ್. ಅವಳು ಒಳಪುಟದಲ್ಲಿ ಓದುಗರನ್ನು ತನ್ನ ಮಂಜಿನ ಲೋಕಕ್ಕೆ ಪ್ರೀತಿಯಿಂದ ಕರೆಯುತ್ತಿದ್ದಳು. ಅಮೆರಿಕದ ಹಾರರ್ ಕಾಮಿಕ್‌ಗಳ ಕೊಳೆತ ಮುಖದ ನಿರೂಪಕರು ಓದುಗರನ್ನು ಅಣಕಿಸುತ್ತಿದ್ದರು. ಮಿಸ್ಟಿ ಹಾಗೆ ಮಾಡಲಿಲ್ಲ. ಭಯಪಡುವ ಹುಡುಗಿಗೆ ಒಬ್ಬ ಅಕ್ಕ ಜೊತೆಗಿದ್ದ ಹಾಗಿತ್ತು. ನನಗೆ ಆ ಪತ್ರಿಕೆಯಲ್ಲಿ ತುಂಬಾ ಇಷ್ಟವಾದದ್ದು ಇದು.

ನಿಮ್ಮ ಪುಸ್ತಕದ ಎರಡನೆಯ ಪುಟಕ್ಕೂ ಅಂಥ ಒಬ್ಬಳು ಬೇಕು. ಮಿಸ್ಟಿಯನ್ನೇ ಬಳಸುವಂತಿಲ್ಲ, ಅವಳ ಹಕ್ಕು ಬೇರೆಯವರದು. ಹಳೆಯ ಚಿತ್ರ ಸ್ಕ್ಯಾನ್ ಮಾಡಿ ಅಂಟಿಸುವುದೂ ಬೇಡ. ಧಾಟಿ ಎಲ್ಲರದು, ಪಾತ್ರ ಮತ್ತು ಚಿತ್ರ ಅಲ್ಲ. ನಿಮ್ಮವಳನ್ನು ನೀವೇ ಕಟ್ಟಿ. ಹಾಸ್ಟೆಲ್ಲಿನ ರಾತ್ರಿಪಾಳಿಯ ಆಯಾ ಆಗಿರಬಹುದು, ಕೊನೆಯ ಬಸ್ಸಿನ ಕಂಡಕ್ಟರ್ ಆಗಿರಬಹುದು. ಆರೇಳು ಸಾಲು ಮಾತು, ಒಂದು ಚಿತ್ರ. ಅವಳ ದನಿಯಲ್ಲಿ ಅಕ್ಕರೆ ಇರಲಿ.

ಬಿಡಬೇಕಾದದ್ದನ್ನು ಬಿಡಿ

ಈ ಹಳೆಯ ಕಾಮಿಕ್‌ಗಳ ಮೇಲೆ ಎಷ್ಟೇ ಪ್ರೀತಿ ಇದ್ದರೂ ಕೆಲವನ್ನು ಅಲ್ಲೇ ಬಿಟ್ಟು ಬರಬೇಕು. ಜಿಂಟಿಯ ಶುರುವಿನ ಸಂಚಿಕೆಗಳಲ್ಲೇ 'ಗೇಲ್ಸ್ ಇಂಡಿಯನ್ ನೆಕ್ಲೇಸ್' ಎಂಬ ಧಾರಾವಾಹಿ ಬಂತು. ಇಂಗ್ಲಿಷ್ ಹುಡುಗಿಯ ಕೈಗೆ ಸಿಕ್ಕ ಭಾರತದ ಒಂದು ಸರ, ಅದರಿಂದ ಅವಳಿಗೆ ಒಂದಾದ ಮೇಲೊಂದು ಕಾಟ. ಭಾರತ ಅಂದರೆ ಶಾಪ, ಮಾಟ, ವಿಚಿತ್ರ ದೇವರು ಅನ್ನುವ ಹಳೆಯ ಕಲ್ಪನೆಯ ಕೂಸು ಅದು. ಅಲೆಮಾರಿ ರೋಮಾ ಜನರನ್ನೂ ಹೀಗೆಯೇ ಶಾಪ ಹಾಕುವವರು, ಭವಿಷ್ಯ ಹೇಳುವವರು ಅಂತ ಮಾತ್ರ ತೋರಿಸುತ್ತಿದ್ದರು.

ಓದುವಾಗ ನಮಗೆ ಚುಚ್ಚುತ್ತದೆ. ಆದರೆ ನಾವೂ ಅದನ್ನೇ ಬೇರೆಯವರ ಮೇಲೆ ಮಾಡುವುದು ಬಹಳ ಸುಲಭ. ಕಾಡಿನ ಜನರ ದೈವವನ್ನೋ, ಇನ್ಯಾರದೋ ಊರಿನ ಆಚರಣೆಯನ್ನೋ ಭಯದ ಸಾಮಾನು ಮಾಡಿಕೊಳ್ಳಬೇಡಿ. ಕಪ್ಪು ಮೈಬಣ್ಣ, ಕುಂಟು ಕಾಲು, ಮುಖದ ಮೇಲಿನ ಗಾಯ, ಇವು ಕೆಟ್ಟತನದ ಗುರುತಾಗದಿರಲಿ. ಬಾಚಣಿಗೆಗೆ ಯಾವ ಮಂತ್ರವಾದಿಯ ಕತೆಯೂ ಬೇಕಾಗಲಿಲ್ಲ, ಅಲ್ವಾ? ಎಲ್ಲಿಂದ ಬಂತು ಅಂತ ಹೇಳದಿದ್ದಾಗಲೇ ಅದು ಜಾಸ್ತಿ ಹೆದರಿಸುತ್ತದೆ.

ಕನ್ನಡ ಅಕ್ಷರ ಕೂರಿಸುವುದು

ಇಂಗ್ಲಿಷ್ ಕಾಮಿಕ್‌ಗಳ ಗುಳ್ಳೆಯೊಳಗೆ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಎತ್ತರ ಒಂದೇ, ಸಾಲಿನ ಮೇಲೆ ಸಾಲು ಒತ್ತಾಗಿ ಕೂರುತ್ತದೆ. ಕನ್ನಡಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಮೇಲೆ ಗುಣಿಸು, ಕೆಳಗೆ ಒತ್ತು. ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಟ್ಟು ನೋಡಿ. ಹಾಗಾಗಿ ಗುಳ್ಳೆ ದೊಡ್ಡದು ಬೇಕು, ಮಾತು ಚಿಕ್ಕದು ಬೇಕು. ಗೀಚುವಾಗಲೇ ಮಾತಿಗೆ ಜಾಗ ಬಿಡಿ ಅಂದದ್ದು ಇದಕ್ಕೇ.

ಉದ್ದನೆಯ ಕ್ರಿಯಾಪದ ಇನ್ನೊಂದು ತೊಂದರೆ. 'ನೋಡಿಕೊಳ್ಳುತ್ತಿದ್ದೇನೆ' ಅಂತ ಬರೆದರೆ ಸಣ್ಣ ಗುಳ್ಳೆಯಲ್ಲಿ ಒಂದು ಸಾಲಿಗೂ ಹಿಡಿಯುವುದಿಲ್ಲ. 'ನೋಡ್ಕೋತಿದೀನಿ' ಅಂದರೆ ಜಾಗವೂ ಉಳಿಯಿತು, ಮಾತೂ ಜೀವಂತವಾಯಿತು. ಧಾರವಾಡದ ಹುಡುಗಿ ಧಾರವಾಡದ ಮಾತೇ ಆಡಲಿ. ನಿರೂಪಣೆಯ ಚೌಕಗಳಲ್ಲಿ ಮಾತ್ರ ಬರಹದ ಕನ್ನಡ ಇಡಿ. ಎರಡಕ್ಕೂ ವ್ಯತ್ಯಾಸ ಕಾಣುತ್ತದೆ.

ಕಿರುಚಾಟಕ್ಕೆ ನಮ್ಮಲ್ಲಿ ದೊಡ್ಡಕ್ಷರ ಇಲ್ಲ. ದಪ್ಪ ಅಕ್ಷರ ಹಾಕಿದರೆ ಅಗ್ಗದ ಮುದ್ರಣದಲ್ಲಿ ಕನ್ನಡದ ಸುರುಳಿಗಳೊಳಗೆ ಶಾಯಿ ತುಂಬಿ ಮುದ್ದೆಯಾಗುತ್ತದೆ. ಅಕ್ಷರದ ಅಳತೆ ಹೆಚ್ಚಿಸಿ, ಗುಳ್ಳೆಯ ಅಂಚನ್ನು ಮುಳ್ಳುಮುಳ್ಳಾಗಿ ಬರೆಯಿರಿ. ಪಿಸುಮಾತಿಗೆ ದೊಡ್ಡ ಗುಳ್ಳೆಯೊಳಗೆ ಚಿಕ್ಕ ಅಕ್ಷರ.

ಸದ್ದುಗಳನ್ನು ಕಂಪ್ಯೂಟರ್ ಅಕ್ಷರದಲ್ಲಿ ಹಾಕಬೇಡಿ, ಕೈಯಲ್ಲೇ ಬರೆಯಿರಿ. ಕನ್ನಡದಲ್ಲಿ ಸದ್ದಿನ ಪದಗಳಿಗೆ ಬರವೇ ಇಲ್ಲ: ಕಿರ್ರ್, ಟಪಟಪ, ಸರಸರ, ಧಡಾರ್. ಬಾಚಣಿಗೆಯ 'ಸರ್ರ್... ಸರ್ರ್' ಕತೆಯ ಎರಡನೆಯ ಪುಟದಲ್ಲಿ ತೆಳ್ಳಗೆ ಶುರುವಾಗಲಿ. ಮೂರನೆಯದರಲ್ಲಿ ವೀಣಾ ಬಾಚಿಕೊಳ್ಳದೇ ಇದ್ದಾಗಲೂ ಹಿನ್ನೆಲೆಯಲ್ಲಿ ಅದೇ ಸದ್ದು ಇರಲಿ.

ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ಬಾಲೂ ತಮ್ಮ, ಅಕಾಯ ಕನಡಕ, ನೋಟೋ ಸ್ಯಾನ್ಸ್ ಕನ್ನಡ, ಇವೆಲ್ಲ ಮುಕ್ತ ಪರವಾನಗಿಯವು. ಮಾರುವ ಪುಸ್ತಕದಲ್ಲೂ ಬಳಸಬಹುದು. ಸಂಭಾಷಣೆಗೆ ದುಂಡಗಿನ ಬಾಲೂ ತಮ್ಮ ಚೆನ್ನ, ಅದರ ತೆಳು ರೂಪ ಬಳಸಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅಕ್ಷರ ಕೂರಿಸಲು ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಸಾಕು. ಅದು ಉಚಿತ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಫೋಟೋಶಾಪ್ ಬಳಸುವವರು ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ 'ಕ್ಷ' ಎರಡು ತುಂಡಾಗಿ ಬೀಳುತ್ತದೆ. ಕೊನೆಗೆ ಒಮ್ಮೆ ಮುದ್ರಿಸಿ, ಕೈಯಲ್ಲಿ ಹಿಡಿದು ಓದಿ. ಪರದೆಯಲ್ಲಿ ಕಾಣದ ತಪ್ಪು ಕಾಗದದಲ್ಲಿ ಕಾಣುತ್ತದೆ.

ಮುದ್ರಣ

ಚಿತ್ರವನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಬರೀ ಕಪ್ಪು ಬಿಳುಪಿಗೆ ಬದಲಿಸಿ, ಬೂದು ಉಳಿಯದಿರಲಿ. ಪುಟದ ಅಂಚಿನವರೆಗೆ ಹೋಗುವ ಚಿತ್ರಕ್ಕೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಡಿ, ಕತ್ತರಿಸುವಾಗ ಬೇಕಾಗುತ್ತದೆ. ಮಾತಿನ ಗುಳ್ಳೆಗಳು ಅಂಚಿನಿಂದ ಒಂದು ಸೆಂಟಿಮೀಟರಾದರೂ ಒಳಗಿರಲಿ.

ಪುಟ ಜೋಡಿಸುವಾಗ ಗಲಿಬಿಲಿ ಆಗುವುದು ಸಹಜ. ಮೊದಲ ಹಾಳೆಯ ಹೊರಬದಿಯಲ್ಲಿ ಎಡಕ್ಕೆ 8, ಬಲಕ್ಕೆ 1. ಅದರ ಒಳಬದಿಯಲ್ಲಿ 2 ಮತ್ತು 7. ಎರಡನೆಯ ಹಾಳೆಯ ಹೊರಬದಿಯಲ್ಲಿ 6 ಮತ್ತು 3, ಒಳಬದಿಯಲ್ಲಿ 4 ಮತ್ತು 5. ಎರಡು ಖಾಲಿ ಹಾಳೆ ಮಡಚಿ, ನಂಬರ್ ಬರೆದು ಒಮ್ಮೆ ನೋಡಿಕೊಂಡರೆ ತಲೆಗೆ ಕೂರುತ್ತದೆ.

ಒಳಪುಟಕ್ಕೆ ಸ್ವಲ್ಪ ಹಳದಿ ಛಾಯೆಯ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೋ ಕಾಗದ ಸಿಕ್ಕರೆ ಚೆನ್ನ. ಹಳೆಯ ವಾರಪತ್ರಿಕೆಯ ಸ್ಪರ್ಶ ಬರುತ್ತದೆ, ಕಪ್ಪು ಕೂಡ ಕಣ್ಣಿಗೆ ಹೊಡೆಯುವುದಿಲ್ಲ. ಹೊಳೆಯುವ ಕಾಗದ ಈ ಕತೆಗಳಿಗೆ ಹೊಂದುವುದಿಲ್ಲ. ಪಿನ್ ಹೊಡೆಯಲು ಉದ್ದ ತೋಳಿನ ಸ್ಟೇಪ್ಲರ್ ಬೇಕು, ದೊಡ್ಡ ಝೆರಾಕ್ಸ್ ಅಂಗಡಿಗಳಲ್ಲಿ ಇರುತ್ತದೆ. ಮೊದಲಿಗೆ ಸ್ವಲ್ಪವೇ ಪ್ರತಿ ಮಾಡಿಸಿ, ಖಾಲಿಯಾದರೆ ಮತ್ತೆ ಮಾಡಿಸಿದರಾಯಿತು.

ಏಳನೆಯ ಪುಟ

ಕತೆಯ ಕೊನೆಯ ಪುಟದ ಎದುರಿಗೇ ಏಳನೆಯ ಪುಟ ಇರುವುದರಿಂದ ಅದರಲ್ಲಿ ದೊಡ್ಡ ಚಿತ್ರ ಹಾಕಬೇಡಿ. ಆರನೆಯದರ ಏಟು ಕಡಿಮೆಯಾಗುತ್ತದೆ. ಸಣ್ಣ ಅಕ್ಷರ, ಜಾಸ್ತಿ ಬಿಳಿ ಜಾಗ ಇರಲಿ. ಮಿಸ್ಟಿಯಲ್ಲಿ ಓದುಗರ ಪತ್ರಗಳಿಗೆ ಪುಟ ಇತ್ತು. ತಮ್ಮ ಪಾಡಿಗೆ ಒಬ್ಬರೇ ಓದುತ್ತಿದ್ದ ಹುಡುಗಿಯರಿಗೆ ತಮ್ಮಂಥವರು ಇನ್ನೂ ಇದ್ದಾರೆ ಅಂತ ಗೊತ್ತಾದದ್ದು ಅಂಥ ಪುಟಗಳಿಂದ. ನೀವೂ ಓದುಗರನ್ನು ಕೇಳಿ: ನಿಮ್ಮನ್ನು ಯಾವುದು ಹೆದರಿಸುತ್ತದೆ? ಉತ್ತರ ಕಳಿಸಲು ಒಂದು ಇಮೇಲ್ ಕೊಡಿ. ಓದುವವರು ಚಿಕ್ಕವರಾದರೆ ಅವರ ಪೂರ್ತಿ ಹೆಸರು, ಊರು ಅಚ್ಚು ಹಾಕಬೇಡಿ.

ಇದೇ ಪುಟದ ಕೆಳಗೆ ಕೆಲಸ ಮಾಡಿದ ಎಲ್ಲರ ಹೆಸರೂ ಇರಲಿ: ಕತೆ ಯಾರದು, ಚಿತ್ರ ಯಾರದು, ಅಕ್ಷರ ಕೂರಿಸಿದ್ದು ಯಾರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಿಸ್ಟಿಯ ಕಾಲದಲ್ಲಿ ಆ ಪತ್ರಿಕೆಗಳು ಬರೆದವರ, ಚಿತ್ರಿಸಿದವರ ಹೆಸರು ಹಾಕುತ್ತಿರಲಿಲ್ಲ. ಟ್ಯಾಮಿಯಲ್ಲಿ ಹೆಸರು ಕಾಣಿಸಿಕೊಂಡದ್ದು 1982ರಲ್ಲಿ, ಮಿಸ್ಟಿ ನಿಂತು ಎರಡು ವರ್ಷದ ಮೇಲೆ. ಎಷ್ಟೋ ಕತೆಗಳನ್ನು ಯಾರು ಬರೆದರು ಅಂತ ಅಭಿಮಾನಿಗಳು, ಸಂಶೋಧಕರು ಇವತ್ತಿಗೂ ಹುಡುಕುತ್ತಿದ್ದಾರೆ. ಮೂಲ ಚಿತ್ರಗಳೂ ಸಾಮಾನ್ಯವಾಗಿ ಕಲಾವಿದರ ಕೈಗೆ ವಾಪಸ್ ಬರುತ್ತಿರಲಿಲ್ಲ. ನಿಮ್ಮ ಗೆಳತಿ ಚಿತ್ರ ಬರೆದುಕೊಟ್ಟಿದ್ದರೆ ಸ್ಕ್ಯಾನ್ ಆದ ಕೂಡಲೇ ಮೂಲ ಹಾಳೆಗಳನ್ನು ಅವಳಿಗೇ ಹಿಂತಿರುಗಿಸಿ. ಪುಸ್ತಕ ಮಾರಿ ಬಂದ ದುಡ್ಡು ಹೇಗೆ ಹಂಚಿಕೊಳ್ಳುತ್ತೀರಿ ಅಂತ ಕೆಲಸ ಶುರು ಮಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಇಬ್ಬರೂ ಸಹಿ ಮಾಡಿ.

ಮಾರಲು ಬೆಂಗಳೂರಿನ ಕಾಮಿಕ್ ಕಾನ್‌ನಂಥ ಮೇಳಗಳಿವೆ. ಆದರೆ ಟೇಬಲ್ ಬಾಡಿಗೆ ಎಷ್ಟು ಅಂತ ವಿಚಾರಿಸಿ, ಎಂಟು ಪುಟದ ಪುಸ್ತಕದಿಂದ ಅದು ಹುಟ್ಟುತ್ತದಾ ಅಂತ ಲೆಕ್ಕ ಹಾಕಿ. ಒಬ್ಬರಿಗೆ ಭಾರ ಅನ್ನಿಸಿದರೆ ಮೂರು ನಾಲ್ಕು ಜನ ಸೇರಿ ಒಂದು ಟೇಬಲ್ ಹಿಡಿಯಿರಿ. ಇಲ್ಲದಿದ್ದರೆ ನಿಮ್ಮೂರಿನ ಪುಸ್ತಕದಂಗಡಿಯವರನ್ನು ಕೇಳಿ, ಐದು ಪ್ರತಿ ಇಟ್ಟುಕೊಳ್ಳುತ್ತೀರಾ ಅಂತ. ಹಾಸ್ಟೆಲ್ಲಿನಲ್ಲಿ ಓದುವ ತಂಗಿಯೋ ಅಕ್ಕನ ಮಗಳೋ ಇದ್ದರೆ ಮೊದಲ ಪ್ರತಿ ಅವಳಿಗೆ ಕೊಡಿ. ಅವಳು ಆರನೆಯ ಪುಟ ತಿರುಗಿಸುವಾಗ ಪಕ್ಕದಲ್ಲಿದ್ದು ಮುಖ ನೋಡಿ. ಎಲ್ಲಿ ನಿಧಾನ ಮಾಡಿದಳು, ಎಲ್ಲಿ ಹಿಂದಿನ ಪುಟಕ್ಕೆ ಹೋಗಿ ಬಂದಳು ಅಂತ ಗುರುತು ಹಾಕಿಕೊಳ್ಳಿ. ಎರಡನೆಯ ಸಂಚಿಕೆ ಗೀಚಲು ಕೂರುವಾಗ ಆ ಗುರುತುಗಳು ಎದುರಿಗಿರಲಿ.